ಬೀದಿಗೆ ಕಾಣುವ ತರಕಾರಿ ಪಾತಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಅಮೆರಿಕದ ಬಡಾವಣೆಗಳ ಅಂದಚೆಂದದ ನಿಯಮ ಮತ್ತು ಮನೆಯ ತರಕಾರಿ ತೋಟ. ಕಾನೂನಿನ ಮಾತು ಆಮೇಲೆ ಬರುತ್ತದೆ. ಮೊದಲು ಬಿಸಿಲಿನ ಮಾತು.

ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ, ಬೀನ್ಸ್, ಹೀಗೆ ಕಾಯಿ ಬಿಡುವ ಯಾವ ಗಿಡವಾದರೂ ದಿನಕ್ಕೆ ಕಡಿಮೆ ಅಂದರೂ 6ರಿಂದ 8 ಗಂಟೆ ನೇರ ಬಿಸಿಲು ಕೇಳುತ್ತದೆ. ಸೊಪ್ಪುಗಳಾದರೆ 3-4 ಗಂಟೆಯಲ್ಲೂ ಹೇಗೋ ಬೆಳೆದುಕೊಳ್ಳುತ್ತವೆ. ಅಮೆರಿಕದಲ್ಲಿ ಸೂರ್ಯ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿಕೊಂಡೇ ಹಾದು ಹೋಗುತ್ತಾನೆ. ಹಾಗಾಗಿ ಮನೆಯ ದಕ್ಷಿಣಕ್ಕೆ ಬಿಸಿಲು ಜಾಸ್ತಿ. ಉತ್ತರದ ಜಾಗದ ಮೇಲೆ ಮನೆಯ ನೆರಳೇ ಬಿದ್ದಿರುತ್ತದೆ. ಮನೆ ದಕ್ಷಿಣಕ್ಕೆ ಮುಖ ಮಾಡಿದ್ದರೆ, ಕಾಯಿ ಬಿಡಿಸುವ ಬಿಸಿಲು ಸಿಗುವುದು ಮುಂದಿನ ಅಂಗಳದಲ್ಲೇ. ಹಿತ್ತಲಲ್ಲಿ ದೊಡ್ಡ ಮರವೊಂದಿದ್ದರಂತೂ ಕೇಳುವುದೇ ಬೇಡ.

ಬಡಾವಣೆಯ ನಿಯಮ ಇದನ್ನೆಲ್ಲ ನೋಡುವುದಿಲ್ಲ. ಅದು ನೋಡುವುದು ಬೀದಿಯನ್ನು. ಬೀದಿಗೆ ಕಾಣುವ ಕಡೆ ಹುಲ್ಲು, ಕಾಣದ ಕಡೆ ತರಕಾರಿ. ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲೇ. ಗಿಡಕ್ಕೆ ಬೇಕಾದ ದಿಕ್ಕು ಒಂದು, ನಿಯಮ ತೋರಿಸುವ ದಿಕ್ಕು ಇನ್ನೊಂದು.

ಫ್ಲೋರಿಡಾದಲ್ಲಿ ಮಯಾಮಿ ಶೋರ್ಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಒಂದು ದಂಪತಿ ಸುಮಾರು 17 ವರ್ಷ ಮನೆಯ ಮುಂದೆ ತರಕಾರಿ ಬೆಳೆದಿದ್ದರು. ಹಿತ್ತಲಲ್ಲಿ ಸಾಕಷ್ಟು ಬಿಸಿಲಿರಲಿಲ್ಲ, ಅದಕ್ಕೇ ಮುಂದೆ. 2013ರಲ್ಲಿ ಊರಿನ ಆಡಳಿತ ನಿಯಮ ಬಿಗಿ ಮಾಡಿತು. ತರಕಾರಿ ತೋಟ ಹಿತ್ತಲಲ್ಲಿ ಮಾತ್ರ ಇರಬೇಕು. ತಪ್ಪಿದರೆ ದಿನಕ್ಕೆ 50 ಡಾಲರ್ ದಂಡ. ದಿನಕ್ಕೆ 50 ಅಂದರೆ ತಿಂಗಳಿಗೆ 1,500. ತರಕಾರಿಗೋಸ್ಕರ ಯಾರು ಅಷ್ಟು ಕೊಡುತ್ತಾರೆ? ಅವರು ತೋಟ ಕಿತ್ತು ಹಾಕಿದರು. ಆಮೇಲೆ ಕೋರ್ಟಿಗೆ ಹೋದರು.

ಈ ನಿಯಮದಲ್ಲಿ ನನಗೆ ಅರ್ಥವೇ ಆಗದ ಒಂದು ಸಂಗತಿ ಇದೆ. ಅದೇ ಅಂಗಳದಲ್ಲಿ ಹಣ್ಣಿನ ಮರ ಇಡಬಹುದಿತ್ತು. ಹೂವಿನ ಗಿಡ ಇಡಬಹುದಿತ್ತು. ಪ್ಲಾಸ್ಟಿಕ್ಕಿನ ಗುಲಾಬಿ ಫ್ಲೆಮಿಂಗೊ ಹಕ್ಕಿಗಳನ್ನು ಸಾಲಾಗಿ ನಿಲ್ಲಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ತರಕಾರಿ ಒಂದಕ್ಕೇ ತಡೆ. ಕಣ್ಣಿಗೆ ಅಂದವೋ ಅಲ್ಲವೋ ಅನ್ನುವುದನ್ನು ಅಲ್ಲಿ ಯಾರೂ ಅಳೆದಿರಲಿಲ್ಲ. ಗಿಡ ಯಾವುದು ಅಂತ ನೋಡಿಯೇ ತೀರ್ಮಾನ ಮಾಡಿಯಾಗಿತ್ತು.

ಆದರೂ ಆ ದಂಪತಿ ಕೋರ್ಟಿನಲ್ಲಿ ಸೋತರು. 2016ರಲ್ಲಿ ಕೆಳ ಕೋರ್ಟು, 2017ರಲ್ಲಿ ಮೇಲ್ಮನವಿ ಕೋರ್ಟು, ಎರಡೂ ಊರಿನ ಪರ ನಿಂತವು. ರಾಜ್ಯದ ಸುಪ್ರೀಂ ಕೋರ್ಟು ಕೇಸನ್ನು ತೆಗೆದುಕೊಳ್ಳಲಿಲ್ಲ. ಕಾರಣ ಇಷ್ಟೆ. ಊರಿನ ಅಂದಕ್ಕಾಗಿ ನಿಯಮ ಮಾಡುವ ಅಧಿಕಾರವನ್ನು ಅಮೆರಿಕದ ಕೋರ್ಟುಗಳು ಬಹಳ ಹಿಂದೆಯೇ ಒಪ್ಪಿಕೊಂಡಿವೆ. ದೇಶದ ಸುಪ್ರೀಂ ಕೋರ್ಟಿನ 1926ರ ಯೂಕ್ಲಿಡ್ ತೀರ್ಪು ವಲಯ ನಿಯಮಗಳಿಗೆ, ಅಂದರೆ ಊರಿನ ಯಾವ ಭಾಗದಲ್ಲಿ ಏನಿರಬಹುದು ಅನ್ನುವ ನಿಯಮಗಳಿಗೆ, ದಾರಿ ಮಾಡಿಕೊಟ್ಟಿತು. ಅದೇ ಕೋರ್ಟಿನ 1954ರ ಬರ್ಮನ್ ತೀರ್ಪು ಊರು ಆರೋಗ್ಯವಾಗಿರುವಂತೆ ಮಾತ್ರವಲ್ಲ, ಚೆನ್ನಾಗಿ ಕಾಣುವಂತೆಯೂ ನೋಡಿಕೊಳ್ಳಬಹುದು ಅಂದಿತು. ಇಂಥ ನಿಯಮಕ್ಕೆ ಏನೋ ಒಂದು ತರ್ಕಬದ್ಧ ಕಾರಣ ಇದ್ದರೆ ಸಾಕು, ಕೋರ್ಟು ಕೈ ಹಾಕುವುದಿಲ್ಲ. ಅದಕ್ಕೇ ಈ ಜಗಳ ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. ಗೆದ್ದಿದ್ದು ಶಾಸನಸಭೆಯಲ್ಲಿ. 2019ರಲ್ಲಿ ಫ್ಲೋರಿಡಾ ಒಂದು ಕಾಯ್ದೆ ತಂದಿತು. ವಾಸದ ಮನೆಯ ಜಾಗದಲ್ಲಿ ತರಕಾರಿ ತೋಟಕ್ಕೆ ನಗರವಾಗಲಿ, ನಮ್ಮ ಜಿಲ್ಲೆಯಂಥ ಕೌಂಟಿಯಾಗಲಿ ತಡೆ ಹಾಕುವಂತಿಲ್ಲ ಅಂತ. ಬರಗಾಲದಲ್ಲಿ ನೀರಿನ ಮಿತಿ, ಗೊಬ್ಬರದ ಮಿತಿ ಥರದ ಸಾಮಾನ್ಯ ನಿಯಮಗಳು ಮಾತ್ರ ಹಾಗೇ ಉಳಿದವು. ಜುಲೈ 1ಕ್ಕೆ ಅದು ಜಾರಿಗೆ ಬಂತು. ಆ ದಂಪತಿ ಮತ್ತೆ ಅದೇ ಅಂಗಳದಲ್ಲಿ ಗಿಡ ನೆಟ್ಟರು. ನಡುವೆ ಆರು ವರ್ಷ ಹೋಗಿತ್ತು.

ಇದು ಒಂದೇ ಊರಿನ ಕಥೆ ಅಲ್ಲ. 2011ರಲ್ಲಿ ಮಿಶಿಗನ್‌ನ ಓಕ್ ಪಾರ್ಕ್‌ನಲ್ಲಿ ಒಬ್ಬ ಮಹಿಳೆ ಮನೆ ಮುಂದೆ ಮರದ ಚೌಕಟ್ಟಿನ ಪಾತಿಗಳಲ್ಲಿ ತರಕಾರಿ ಹಾಕಿದರು. ಅವರ ಮೇಲೆ ಬಿದ್ದ ಕೇಸಿನಲ್ಲಿ 93 ದಿನಗಳವರೆಗೆ ಜೈಲು ಆಗಬಹುದಿತ್ತು. ಸುದ್ದಿ ದೇಶವೆಲ್ಲ ಹರಡಿದ ಮೇಲೆ ಕೇಸು ಬಿಟ್ಟರು. ಮರುವರ್ಷ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಡ್ರಮಂಡ್‌ವಿಲ್‌ನಲ್ಲೂ ಇಂಥದ್ದೇ ಗಲಾಟೆ. ಅಲ್ಲಿ ಮುಂದಿನ ಅಂಗಳದ 30 ಶೇಕಡಾ ಮಾತ್ರ ತರಕಾರಿಗೆ ಅನ್ನುವ ನಿಯಮವಿತ್ತು. ಜನ ದನಿ ಎತ್ತಿದರು, ಊರು ಹಿಂದೆ ಸರಿಯಿತು. ಲಾಸ್ ಏಂಜಲಿಸ್‌ನಲ್ಲಿ ರಾನ್ ಫಿನ್ಲಿ ಅನ್ನುವವರು ಕಾಲುದಾರಿ ಮತ್ತು ರಸ್ತೆಯ ನಡುವಿನ ಪಟ್ಟಿಯಲ್ಲಿ ತರಕಾರಿ ಬೆಳೆದು ನೋಟಿಸು ಪಡೆದರು. ಆಮೇಲೆ ಆ ನಗರವೂ ನಿಯಮ ಸಡಿಲಿಸಿತು. ಈ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಅದರ ಮೇಲೆ ಹಕ್ಕು ನಗರಕ್ಕೆ, ಹುಲ್ಲು ಕತ್ತರಿಸುವ ಕೆಲಸ ಮಾತ್ರ ನಿಮ್ಮದು. ಅಲ್ಲಿ ನೆಡುವ ಮುಂಚೆ ನಗರವನ್ನು ಕೇಳಲೇಬೇಕು.

ಇಲಿನಾಯ್‌ನಲ್ಲೂ 2022ರ ಜನವರಿಯಿಂದ ತರಕಾರಿ ತೋಟಕ್ಕೆ ರಕ್ಷಣೆ ಕೊಡುವ ಕಾಯ್ದೆ ಇದೆ. ಹಾಗಾದರೆ ಫ್ಲೋರಿಡಾ, ಇಲಿನಾಯ್‌ನಲ್ಲಿ ಇರುವವರಿಗೆ ಚಿಂತೆ ಇಲ್ಲ ಅಲ್ವಾ ಅಂತ ನೀವು ಕೇಳಬಹುದು. ಇದೆ. ಕೇಳುತ್ತಿರುವ ಬಹಳ ಜನಕ್ಕೆ ತಾಗುವ ವಿಷಯವೂ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಅಂಗಳಕ್ಕೆ ಎರಡು ಯಜಮಾನಿಕೆ. ಒಂದು ಸರ್ಕಾರದ್ದು, ಅಂದರೆ ನಗರ, ಹಳ್ಳಿ, ಕೌಂಟಿ. ಇನ್ನೊಂದು ಮನೆಮಾಲೀಕರ ಸಂಘದ್ದು. ಎಲ್ಲರೂ ಎಚ್‌ಒಎ ಅಂತ ಕರೆಯುವುದು ಇದನ್ನೇ. ಇವತ್ತು ಆ ದೇಶದಲ್ಲಿ 7 ಕೋಟಿಗೂ ಹೆಚ್ಚು ಜನ ಇಂಥ ಸಂಘಗಳ ಕೆಳಗೆ ಬದುಕುತ್ತಿದ್ದಾರೆ. ಎಚ್‌ಒಎ ನಿಯಮ ಸರ್ಕಾರ ಮಾಡಿದ ಕಾನೂನಲ್ಲ, ಅದೊಂದು ಕರಾರು. ಬಡಾವಣೆ ಕಟ್ಟಿದ ಬಿಲ್ಡರ್ ಮೊದಲೇ ಬರೆಸಿ ಕೌಂಟಿ ದಾಖಲೆಯಲ್ಲಿ ಸೇರಿಸಿರುತ್ತಾನೆ. ಮನೆ ಕೊಂಡವರಿಗೆಲ್ಲ ಅದು ತಾನಾಗಿ ಅಂಟಿಕೊಳ್ಳುತ್ತದೆ, ಓದಿದ್ದರೂ ಓದದಿದ್ದರೂ. ನಿಯಮ ಮುರಿದರೆ ದಂಡ. ದಂಡ ಕಟ್ಟದಿದ್ದರೆ ಹಲವು ರಾಜ್ಯಗಳಲ್ಲಿ ಮನೆಯ ಮೇಲೆ ಋಣಭಾರ ಹೂಡಬಹುದು. ಫ್ಲೋರಿಡಾದ 2019ರ ಕಾಯ್ದೆ ಕಟ್ಟಿಹಾಕಿದ್ದು ಸರ್ಕಾರಿ ಸಂಸ್ಥೆಗಳನ್ನು. ಎಚ್‌ಒಎಯನ್ನು ಅದು ಮುಟ್ಟಲಿಲ್ಲ. ನಗರ ಸುಮ್ಮನಿದ್ದರೂ ಸಂಘ ನೋಟಿಸು ಕೊಡಬಹುದು.

ಸಂಘಗಳ ಕೈಯನ್ನೂ ಹಿಡಿದ ರಾಜ್ಯಗಳು ಇವೆ, ಆದರೆ ಪೂರ್ತಿ ಅಲ್ಲ. ಕ್ಯಾಲಿಫೋರ್ನಿಯಾ 2014ರಲ್ಲಿ ಮಾಡಿದ ಕಾಯ್ದೆ ಪ್ರಕಾರ, ಮನೆಯವರು ತಮಗೇ ಮೀಸಲಾದ ಹಿತ್ತಲಲ್ಲಿ ಸ್ವಂತಕ್ಕೆ ತರಕಾರಿ ಬೆಳೆಯುವುದನ್ನು ಸಂಘ ಪೂರ್ತಿ ನಿಷೇಧಿಸುವಂತಿಲ್ಲ. ನ್ಯಾಯವಾದ ಷರತ್ತು ಹಾಕಬಹುದು. ಮೇರಿಲ್ಯಾಂಡ್ 2021ರಲ್ಲಿ ಜೇನುನೊಣ, ಚಿಟ್ಟೆಗಳಿಗೆ ಅನುಕೂಲವಾದ ತೋಟಗಳನ್ನು ಸಂಘಗಳು ತಡೆಯದ ಹಾಗೆ ಕಾಯ್ದೆ ತಂದಿತು. ಒಟ್ಟಿನಲ್ಲಿ ನಿಮ್ಮ ರಾಜ್ಯ, ನಿಮ್ಮ ನಗರ, ನಿಮ್ಮ ಸಂಘ, ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು ಹೌದು ಅಂದರೆ ಸಾಲದು.

ಈಗ ನೆರೆಯವರ ಕಡೆಯಿಂದ ಮಾತಾಡುತ್ತೇನೆ. ಅವರನ್ನು ಖಳನಾಯಕರನ್ನಾಗಿ ಮಾಡುವ ತೋಟದವರ ಮಾತು ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ ಬಹಳ ಜನಕ್ಕೆ ಮನೆಯೇ ಜೀವಮಾನದ ಉಳಿತಾಯ. ಪಕ್ಕದ ಅಂಗಳ ಹದಗೆಟ್ಟರೆ ತಮ್ಮ ಮನೆಯ ಬೆಲೆಯೂ ಇಳಿಯುತ್ತದೆ ಅನ್ನುವುದು ಅವರ ಭಯ. ಅದು ಸುಳ್ಳು ಭಯ ಅಂತ ತಳ್ಳಿಹಾಕುವುದು ಸುಲಭ. ಆದರೆ ತರಕಾರಿ ತೋಟ ವರ್ಷವಿಡೀ ಚೆನ್ನಾಗಿ ಕಾಣುವುದಿಲ್ಲ ಅನ್ನುವುದು ನಿಜವೇ. ಟೊಮೆಟೊ ಗಿಡ ಜುಲೈನಲ್ಲಿ ಸೊಂಪಾಗಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕೆಳಗಿನ ಎಲೆಯೆಲ್ಲ ಒಣಗಿ ಕಂದಾಗುತ್ತದೆ. ಕುಂಬಳ, ಜುಕಿನಿ ಎಲೆಗಳಿಗೆ ಬೂದಿ ರೋಗ ಬಂದು ಸುಣ್ಣ ಬಳಿದ ಹಾಗಾಗುತ್ತದೆ. ಮೊದಲ ಹಿಮ ಬಿದ್ದ ಮರುದಿನ ತುಳಸಿ ಜಾತಿಯ ಗಿಡಗಳೆಲ್ಲ ಕಪ್ಪು. ಚಳಿಗಾಲದಲ್ಲಿ ಬರೀ ಮಣ್ಣು.

ಇದರ ಜೊತೆಗೆ ಇನ್ನೊಂದು. ದೂರುಗಳನ್ನು ಗಮನಿಸಿ ಓದಿದರೆ ಗೊತ್ತಾಗುತ್ತದೆ, ಜನಕ್ಕೆ ಕಿರಿಕಿರಿ ಆಗುವುದು ಗಿಡಕ್ಕಿಂತ ಸಾಮಾನಿನಿಂದ. ನೀಲಿ ಟಾರ್ಪಾಲು, ಖಾಲಿ ಬಕೆಟ್, ಹಾವಿನಂತೆ ಬಿದ್ದ ಪೈಪು, ಹರಿದ ಬಲೆ, ಅರ್ಧ ಉಳಿದ ಗೊಬ್ಬರದ ಚೀಲ, ವಕ್ರವಾಗಿ ನಿಂತ ಕೋಲುಗಳು. ಬದನೆ ಗಿಡದ ನೇರಳೆ ಹೂವನ್ನು ನೋಡಿ ಬೇಸರಪಟ್ಟವರನ್ನು ನಾನು ಕಂಡಿಲ್ಲ.

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಜೋನ್ ನಸಾವರ್ ಅನ್ನುವ ವಿದ್ವಾಂಸರು ಇದನ್ನು 1990ರ ದಶಕದಲ್ಲೇ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಅವರು ನೋಡಿದ್ದು ಕಾಡು ಹೂಗಳ, ದೇಸಿ ಗಿಡಗಳ ತೋಟಗಳನ್ನು. ಒಂದು ಜಾಗ ಒಳಗೆ ಎಷ್ಟೇ ಒತ್ತಾಗಿ, ಅಡ್ಡಾದಿಡ್ಡಿಯಾಗಿ ಬೆಳೆದಿರಲಿ. ಅದರ ಅಂಚು ನೀಟಾಗಿದ್ದರೆ, ಸುತ್ತ ಒಂದು ಕತ್ತರಿಸಿದ ಹುಲ್ಲಿನ ಪಟ್ಟಿ ಇದ್ದರೆ, ದಾರಿ ಸ್ಪಷ್ಟವಾಗಿದ್ದರೆ, ನೋಡುವವರಿಗೆ ಇಲ್ಲಿ ಯಾರೋ ಕಾಳಜಿ ವಹಿಸುತ್ತಿದ್ದಾರೆ ಅನ್ನಿಸುತ್ತದೆ. ಜನ ನಿಜವಾಗಿ ಹುಡುಕುವುದು ಈ ಕಾಳಜಿಯ ಗುರುತನ್ನು. ಹುಲ್ಲುಹಾಸು ಇದನ್ನು ಸುಲಭವಾಗಿ ತೋರಿಸುತ್ತದೆ, ಅಷ್ಟೇ. ವಾರಕ್ಕೊಮ್ಮೆ ಯಂತ್ರ ಓಡಿಸಿದರೆ ಆಯಿತು.

ನನ್ನ ಮಾತಿನ ತಿರುಳು ಇಲ್ಲಿದೆ. ನಿಯಮಕ್ಕೆ ಬೇಕಾದ್ದು ಕಾಳಜಿಯಾದರೆ, ನಿಯಮ ಅದನ್ನೇ ಬರೆಯಲಿ. ಯಾವ ಗಿಡ ಅನ್ನುವುದನ್ನು ಬಿಡಲಿ. ಒಣಗಿದ ಹುಲ್ಲುಹಾಸು ಇಟ್ಟುಕೊಂಡವನಿಗೆ ನೋಟಿಸು ಇಲ್ಲ, ಅಚ್ಚುಕಟ್ಟಾದ ಮೆಣಸಿನ ಗಿಡದವಳಿಗೆ ನೋಟಿಸು ಅಂದರೆ ಅದು ಯಾವ ನ್ಯಾಯ?

ಹುಲ್ಲುಹಾಸಿನ ಬಗ್ಗೆಯೂ ಒಂದೆರಡು ಮಾತು. ಅದು ಸದಾ ಹೀಗೇ ಇದ್ದದ್ದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರವೇ ಜನಕ್ಕೆ ಅಂಗಳ ಅಗೆದು ತರಕಾರಿ ಹಾಕಿ ಅಂತ ಕೇಳಿಕೊಂಡಿತು. ವಿಜಯ ತೋಟ ಅಂತ ಕರೆದ ಇಂಥ ತೋಟಗಳು ಸುಮಾರು 2 ಕೋಟಿ ಎದ್ದವು. ದೇಶದ ತಾಜಾ ತರಕಾರಿಯಲ್ಲಿ ಸುಮಾರು 40 ಶೇಕಡಾ ಅವುಗಳಿಂದ ಬಂತು ಅನ್ನುವ ಅಂದಾಜಿದೆ. 1943ರಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಶ್ವೇತಭವನದ ಹುಲ್ಲಿನಲ್ಲೇ ಪಾತಿ ಮಾಡಿಸಿದರು. 2009ರಲ್ಲಿ ಮಿಶೆಲ್ ಒಬಾಮಾ ಮತ್ತೆ ಮಾಡಿಸಿದರು. ಇನ್ನೊಂದು ಕಡೆ, 2005ರಲ್ಲಿ ನಾಸಾದ ವಿಜ್ಞಾನಿಗಳ ನೆರವಿನಿಂದ ಮಾಡಿದ ಲೆಕ್ಕದ ಪ್ರಕಾರ ಆ ದೇಶದ ಹುಲ್ಲುಹಾಸು ಸುಮಾರು 1,60,000 ಚದರ ಕಿಲೋಮೀಟರ್. ನೀರು ಹಾಯಿಸುವ ಮೆಕ್ಕೆಜೋಳದ ಹೊಲಗಳ ಮೂರು ಪಟ್ಟು. ಇಷ್ಟು ನೆಲದಲ್ಲಿ ಒಂದು ಚೂರನ್ನು ಊಟಕ್ಕೆ ಬಿಡಿ ಅಂತ ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಇನ್ನು ಕೆಲಸದ ಮಾತು. ಬೀದಿಗೆ ಕಾಣುವ ತೋಟವನ್ನು ಹೇಗೆ ಮಾಡಬೇಕು?

ದಕ್ಷಿಣಕ್ಕೆ ಮುಖ ಮಾಡಿದ ಮನೆಗೆ ಒಂದು ಅದೃಷ್ಟ ಇದೆ. ಎತ್ತರದ ಗಿಡ ಗಿಡ್ಡ ಗಿಡಗಳ ಮೇಲೆ ನೆರಳು ಹಾಕಬಾರದು ಅಂದರೆ ಎತ್ತರದ್ದನ್ನು ಉತ್ತರಕ್ಕೆ ಇಡಬೇಕು. ಇಲ್ಲಿ ಉತ್ತರ ಅಂದರೆ ಮನೆಯ ಗೋಡೆಯ ಪಕ್ಕ. ಬೀದಿಯಿಂದ ನೋಡುವವರ ಕಣ್ಣಿಗೂ ಅದೇ ಹಿತ. ಮುಂದೆ ಗಿಡ್ಡ, ಹಿಂದೆ ಎತ್ತರ. ಸೂರ್ಯ ಕೇಳಿದ್ದೂ ನೆರೆಯವರು ಕೇಳಿದ್ದೂ ಒಂದೇ ಆಗಿಬಿಡುತ್ತದೆ. ಗೋಡೆಯ ಬಳಿ ಬೀನ್ಸ್ ಬಳ್ಳಿಗೆ ಗಟ್ಟಿಯಾದ ಒಂದೇ ಬಗೆಯ ಚಪ್ಪರ. ಅದರ ಮುಂದೆ ಬದನೆ, ಮೆಣಸು, ಬೆಂಡೆ. ಬೆಂಡೆಯದು ದಾಸವಾಳದ ಕುಟುಂಬ, ಹೂವು ನೋಡಿದರೆ ಗೊತ್ತಾಗುತ್ತದೆ. ಅಂಚಿನಲ್ಲಿ ಕೆಂಪು ಹಳದಿ ದಂಟಿನ ಚಾರ್ಡ್ ಸೊಪ್ಪು, ಲೆಟಿಸ್, ಚೆಂಡುಹೂ. ಗೆಣಸಿನ ಬಳ್ಳಿ ನೆಲ ಮುಚ್ಚಲು ಬಹಳ ಚೆನ್ನಾಗಿದೆ, ಬೇಸಿಗೆಯಿಡೀ ಹಸಿರು.

ಜುಕಿನಿ, ಮೆಕ್ಕೆಜೋಳ, ಬಳ್ಳಿಯಂತೆ 6 ಅಡಿ ಮೀರಿ ಹೋಗುವ ಟೊಮೆಟೊ, ಇವಕ್ಕೆ ಆದಷ್ಟು ಬದಿಯ ಜಾಗ ಕೊಡಿ. ಮುಂದೆಯೇ ಬೇಕು ಅಂದರೆ ಪೊದೆಯಾಗಿ ನಿಲ್ಲುವ ಗಿಡ್ಡ ಟೊಮೆಟೊ ತಳಿಗಳಿವೆ. ಸೊಪ್ಪು ಹಿತ್ತಲ ನೆರಳಿಗೂ ಹೊಂದಿಕೊಳ್ಳುತ್ತದೆ. ಹಾಗಾಗಿ ಮುಂದಿನ ಬಿಸಿಲನ್ನು ಕಾಯಿ ಗಿಡಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಪಾತಿಯ ಅಗಲ 4 ಅಡಿ ಮೀರಬೇಡಿ, ಎರಡೂ ಕಡೆಯಿಂದ ಕೈ ನಡುವಿನ ತನಕ ಹೋಗಬೇಕು. ಮಣ್ಣಿನ ಆಳ 10-12 ಇಂಚು ಇದ್ದರೆ ಬಹುತೇಕ ತರಕಾರಿಗಳಿಗೆ ಸಾಕು. ಸಾಲಾಗಿ ಒಂದೇ ಅಳತೆಯ ಪಾತಿಗಳು, ನಡುವೆ ಮರದ ಚಕ್ಕೆ ಹಾಸಿದ ದಾರಿ, ಸುತ್ತ ಎರಡು ಅಡಿ ಹುಲ್ಲು. ಈ ಎರಡು ಅಡಿ ಹುಲ್ಲನ್ನು ದಯವಿಟ್ಟು ಬಿಡಬೇಡಿ. ತರಕಾರಿಗೆ ಅದರಿಂದ ಏನೂ ಇಲ್ಲ, ನೆರೆಯವರ ನೆಮ್ಮದಿಗೆ ಬಹಳ ಇದೆ.

ಚಳಿಗಾಲದ ಬರಿ ಮಣ್ಣಿಗೂ ದಾರಿ ಇದೆ. ಬಹುಪಾಲು ಕಡೆ ಅಕ್ಟೋಬರ್ ಹೊತ್ತಿಗೆ ಬೆಳ್ಳುಳ್ಳಿ ನೆಟ್ಟು ಒಣ ಹುಲ್ಲು ಮುಚ್ಚಿಬಿಡಿ, ಮುಂದಿನ ಬೇಸಿಗೆಗೆ ಕೊಯ್ಲು. ಕೇಲ್ ಸೊಪ್ಪು ಸಣ್ಣಪುಟ್ಟ ಹಿಮಕ್ಕೆ ಜಗ್ಗುವುದಿಲ್ಲ, ಇನ್ನೂ ಸಿಹಿಯಾಗುತ್ತದೆ. ಉಳಿದ ಪಾತಿಗೆ ರೈ ಅನ್ನುವ ಧಾನ್ಯ ಅಥವಾ ಕೆಂಪು ಹೂವಿನ ಕ್ಲೋವರ್ ಮೇವಿನ ಗಿಡ ಬಿತ್ತಿದರೆ ಹಸಿರೂ ಇರುತ್ತದೆ, ಮಣ್ಣಿಗೂ ಒಳ್ಳೆಯದು.

ಅಗೆಯುವ ಮುಂಚೆ ಎರಡು ಕೆಲಸ ತಪ್ಪಿಸಬೇಡಿ. ಅನಿಲ, ವಿದ್ಯುತ್ತು, ಇಂಟರ್‌ನೆಟ್ ಮಾರ್ಗಗಳು ಹೆಚ್ಚಾಗಿ ಮುಂದಿನ ಅಂಗಳದಡಿಯೇ ಬರುತ್ತವೆ. ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿದರೆ ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ. ಎರಡನೆಯದು ಮಣ್ಣಿನ ಪರೀಕ್ಷೆ. ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಗೋಡೆ ಬದಿಯ ಮಣ್ಣಿನಲ್ಲಿ ಸೀಸ ಇರಬಹುದು. ವಾಹನ ಜಾಸ್ತಿ ಓಡಾಡುವ ಹಳೆಯ ರಸ್ತೆಯ ಬದಿಯಲ್ಲೂ ಇರಬಹುದು, ಹಿಂದೆ ಪೆಟ್ರೋಲಿನಲ್ಲೇ ಸೀಸ ಇರುತ್ತಿತ್ತು. ರಾಜ್ಯದ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕೇಂದ್ರವನ್ನು ಕೇಳಿ, ಎಲ್ಲಿ ಪರೀಕ್ಷೆ ಮಾಡಿಸಬೇಕು ಅಂತ ಹೇಳುತ್ತಾರೆ. ಅನುಮಾನ ಇದ್ದರೆ ಎತ್ತರದ ಪಾತಿಗೆ ಹೊಸ ಮಣ್ಣು ತುಂಬಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಸುಮ್ನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಈಗ ಸಂಘದ ಮುಂದೆ ಹೋಗುವ ವಿಷಯ. ಬಹಳ ಜನ ಗಿಡ ನೆಟ್ಟು, ನೋಟಿಸು ಬಂದ ಮೇಲೆ ನಿಯಮ ಓದುತ್ತಾರೆ. ಮೊದಲೇ ಓದಿ. ಎಷ್ಟೋ ಕಡೆ ತರಕಾರಿ ಅಂತ ಹೆಸರಿಟ್ಟು ತಡೆದಿರುವುದೇ ಇಲ್ಲ. ಅಂಗಳ ಬದಲಾಯಿಸುವ ಮುಂಚೆ ಒಪ್ಪಿಗೆ ಪಡೆಯಬೇಕು ಅಂತಷ್ಟೇ ಇರುತ್ತದೆ. ಆಗ ಒಪ್ಪಿಗೆ ಕೇಳಿ. ಅಳತೆ ಹಾಕಿದ ಒಂದು ನಕ್ಷೆ, ಪಾತಿಗೆ ಬಳಸುವ ಮರ, ಯಾವ ಗಿಡ ಎಲ್ಲಿ, ಚಳಿಗಾಲದಲ್ಲಿ ಏನು, ಇಷ್ಟು ಒಂದು ಪುಟದಲ್ಲಿ. ಹಿತ್ತಲಲ್ಲೂ ಮುಂದೆಯೂ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಅನ್ನುವುದನ್ನು ಫೋಟೊ ತೆಗೆದು ಸೇರಿಸಿ. ಬಿಸಿಲಿನ ಫೋಟೊದಷ್ಟು ಗಟ್ಟಿಯಾದ ವಾದ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಇಷ್ಟಕ್ಕೋ ಹಟಕ್ಕೋ ಮುಂದೆ ಬೆಳೆಯುತ್ತಿಲ್ಲ, ಬೇರೆ ಕಡೆ ಬೆಳೆಯುವುದಿಲ್ಲ ಅನ್ನುವುದು ಅದರಲ್ಲಿ ಕಾಣುತ್ತದೆ. ಎರಡೂ ಪಕ್ಕದ ಮನೆಯವರೊಂದಿಗೆ ಮೊದಲೇ ಮಾತಾಡಿ, ಸಾಧ್ಯವಾದರೆ ಅವರಿಂದ ಒಂದೆರಡು ಸಾಲು ಬರೆಸಿಕೊಳ್ಳಿ.

ನಿಯಮದಲ್ಲಿ ತರಕಾರಿಗೆ ನೇರ ತಡೆ ಇದ್ದರೆ ತಿದ್ದುಪಡಿಯೇ ದಾರಿ. ಕರಾರನ್ನೇ ತಿದ್ದಲು ಸಾಮಾನ್ಯವಾಗಿ ಸದಸ್ಯರ ದೊಡ್ಡ ಬಹುಮತ ಬೇಕು. ಆದರೆ ಅಂಗಳದ ಮಾರ್ಗಸೂಚಿಗಳನ್ನು ಹಲವು ಕಡೆ ಸಂಘದ ಮಂಡಳಿಯೇ ಬದಲಾಯಿಸಬಹುದು, ತಡೆ ಯಾವುದರಲ್ಲಿದೆ ಅಂತ ನೋಡಿಕೊಳ್ಳಿ. ಬದಲಿಗೆ ಏನು ಬರೆಯಬೇಕು ಅಂತ ಮಂಡಳಿಗೆ ಗೊತ್ತಿರುವುದಿಲ್ಲ, ಅದನ್ನು ನೀವೇ ಬರೆದುಕೊಡಿ. ನಾನಾದರೆ ಹೀಗೆ ಬರೆಯುತ್ತೇನೆ. ಸತ್ತ ಗಿಡವನ್ನು ಎರಡು ವಾರದೊಳಗೆ ತೆಗೆಯಬೇಕು. ಮೂಲೆ ಮನೆಗಳಲ್ಲಿ ರಸ್ತೆ ಕಾಣಲು ಅಡ್ಡವಾಗುವ ಜಾಗದಲ್ಲಿ 3 ಅಡಿಗಿಂತ ಎತ್ತರ ಬೇಡ. ಗಿಡ, ಚಪ್ಪರ ಕಾಲುದಾರಿಯ ಮೇಲೆ ಚಾಚಬಾರದು. ಉದುರಿದ ಹಣ್ಣು ಕೊಳೆಯಲು ಬಿಡಬಾರದು, ನೀರು ನಿಲ್ಲಬಾರದು. ಕಾಂಪೋಸ್ಟು, ಚೀಲ, ಸಾಮಾನು ಬೀದಿಗೆ ಕಾಣಬಾರದು. ಈ ಷರತ್ತುಗಳು ಗುಲಾಬಿಗೂ ಹುಲ್ಲಿಗೂ ಬದನೆಗೂ ಒಂದೇ.

ಇವು ಕಣ್ಣಿಗೆ ಕಾಣುವ, ಅಳೆಯಬಹುದಾದ ಷರತ್ತುಗಳು. ಓಕ್ ಪಾರ್ಕಿನ ನಿಯಮದಲ್ಲಿ ಅಂಗಳದ ಗಿಡ ಸೂಕ್ತವಾಗಿರಬೇಕು ಅಂತಷ್ಟೇ ಇತ್ತು. ಸೂಕ್ತ ಯಾವುದು ಅಂತ ಅಧಿಕಾರಿ ಹೇಳಿದ ಹಾಗೆ. ಅಳತೆ ಇಲ್ಲದ ನಿಯಮ ದೂರು ಕೊಡುವವರ ಕೈಗೆ ಹೋಗುತ್ತದೆ, ಅದರಿಂದ ತೋಟದವರಿಗೂ ಮಂಡಳಿಗೂ ನೆಮ್ಮದಿ ಇಲ್ಲ.

ಕೊನೆಯದಾಗಿ ಸಮಯದ ಲೆಕ್ಕ. ಅರ್ಜಿ ನೋಡಲು ಸಮಿತಿಗಳು 30ರಿಂದ 60 ದಿನ ತೆಗೆದುಕೊಳ್ಳುವುದು ಸಾಮಾನ್ಯ. ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟರೆ ಒಪ್ಪಿಗೆ ಬರುವ ಹೊತ್ತಿಗೆ ಟೊಮೆಟೊ ಸಸಿ ನೆಡುವ ಕಾಲ ದಾಟಿರುತ್ತದೆ. ನೆಟ್ಟ ಮೇಲೆ ಕಾಯಿ ಹಣ್ಣಾಗಲು 60ರಿಂದ 85 ದಿನ ಬೇಕು, ಉತ್ತರದ ರಾಜ್ಯಗಳಲ್ಲಿ ಅಷ್ಟರಲ್ಲಿ ಮತ್ತೆ ಚಳಿ. ಹಾಗಾಗಿ ಬಿಸಿಲಿನ ಫೋಟೊಗಳನ್ನು ಈ ಬೇಸಿಗೆಯಲ್ಲೇ ತೆಗೆದಿಟ್ಟುಕೊಳ್ಳಿ, ಚಳಿಗಾಲದ ಸೂರ್ಯ ತಗ್ಗಿನಲ್ಲಿ ಹೋಗುವುದರಿಂದ ಆಗಿನ ಫೋಟೊ ಸರಿಯಾದ ಲೆಕ್ಕ ಕೊಡುವುದಿಲ್ಲ. ನಕ್ಷೆ ನವೆಂಬರ್‌ನಲ್ಲಿ ಬರೆಯಿರಿ. ಅರ್ಜಿ ಜನವರಿಯಲ್ಲಿ ಕೊಡಿ, ಲಿಖಿತವಾಗಿ, ಒಂದು ಪ್ರತಿ ನಿಮ್ಮಲ್ಲೇ ಇರಲಿ.